ಬಾಲವೇ ಬೀಗ: ಫ್ರಿಕ್ಷನ್ ಫೋಲ್ಡರ್ ಚಾಕುವನ್ನು ಕೈಯಾರೆ ಮಾಡಿಕೊಳ್ಳುವ ಬಗೆ

"ಏ ತಮ್ಮಾ, ಇದಕ್ಕ ಲಾಕ್ ಎಲ್ಲೈತಿ?"

ವಿಜಯಪುರ ಜಿಲ್ಲೆಯ ತಿಕೋಟಾ ಕಡೆ ದ್ರಾಕ್ಷಿ ತೋಟದಲ್ಲಿ ನನ್ನ ಮಡಚು ಚಾಕು ಬಿಚ್ಚಿ ತೋರಿಸಿದಾಗ ಸೋದರಮಾವ ಕೇಳಿದ ಮೊದಲ ಮಾತು ಇದು. ಲಾಕ್ ಇಲ್ಲ ಅಂದೆ. "ಹಂಗಾದ್ರ ಬೆರಳ ಹೋತು ತಗೋ" ಅಂತ ನಕ್ಕು ವಾಪಸ್ ಕೊಟ್ಟರು. ಚಾಕುವನ್ನು ಅವರ ಮುಷ್ಟಿಯಲ್ಲಿಟ್ಟು, ಹಿಂದೆ ಚಾಚಿಕೊಂಡ ಉಕ್ಕಿನ ಬಾಲ ಅಂಗೈಯಡಿ ಬರುವಂತೆ ಹಿಡಿಸಿ, ಈಗ ಮಡಚಿ ನೋಡು ಅಂದೆ. ಎಡಗೈಯಿಂದ ಅಲಗಿನ ಬೆನ್ನು ಒತ್ತಿದರು, ಜೋರಾಗಿ ಒತ್ತಿದರು. ಮಡಚಲಿಲ್ಲ. ಮುಷ್ಟಿ ಸಡಿಲಿಸಿದ ಕೂಡಲೇ ಮಡಚಿಕೊಂಡಿತು. ಅವತ್ತು ಆ ಚಾಕು ನನಗೆ ವಾಪಸ್ ಬರಲಿಲ್ಲ.

ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಮಷೀನ್ ಶಾಪ್ ಕೆಲಸದವನು. ಚಾಕು ಮಾಡುವುದು ಭಾನುವಾರದ ಹುಚ್ಚು. ಈ ಬರಹ ಅದೇ ಚಾಕುವನ್ನು ನೀವೂ ಮಾಡಿಕೊಳ್ಳಲಿ ಎಂದು. ದೊಡ್ಡ ಯಂತ್ರ ಬೇಕಿಲ್ಲ. ಒಂದು ವೈಸ್, ನಾಲ್ಕು ಅರ (ನಮ್ಮ ಶಾಪಿನಲ್ಲಿ ಕಾನಸ ಅನ್ನುತ್ತಾರೆ), ಹ್ಯಾಕ್ಸಾ, ಡ್ರಿಲ್, ಮೂರು ನಾಲ್ಕು ಭಾನುವಾರ, ಮತ್ತು ಬೆರಳು ಸುಟ್ಟುಕೊಳ್ಳದಷ್ಟು ತಾಳ್ಮೆ ಇದ್ದರೆ ಸಾಕು.

ಇದರ ಗುಟ್ಟು ಏನು

ಮಡಚು ಚಾಕುಗಳಲ್ಲಿ ಮೂರು ಜಾತಿ. ಬಿಚ್ಚಿದಾಗ ಅಲಗನ್ನು ಬೀಗ ಹಿಡಿಯುವುದು ಒಂದು. ಬೆನ್ನಿನ ಸ್ಪ್ರಿಂಗ್ ಒತ್ತಿ ಹಿಡಿಯುವುದು ಇನ್ನೊಂದು. ಮೂರನೆಯದು ಬರೀ ಕೀಲಿನ ಬಿಗಿಯಿಂದ, ಅಂದರೆ ತಿಕ್ಕಾಟದಿಂದ ನಿಲ್ಲುವುದು. ಅದೇ ಫ್ರಿಕ್ಷನ್ ಫೋಲ್ಡರ್. ಇದರಲ್ಲಿ ಚಲಿಸುವ ಭಾಗ ಒಂದೇ, ಅಲಗು. ಒಳಗೆ ಸ್ಪ್ರಿಂಗ್ ಇಲ್ಲ, ಮುರಿಯುವ ಗುಂಡಿ ಇಲ್ಲ. ಜೋಳದ ಹೊಲದ ಮಣ್ಣು, ಬೆಲ್ಲದ ಅಂಟು, ಒಣದ್ರಾಕ್ಷಿಯ ಸಕ್ಕರೆ ತುಂಬಿಕೊಂಡರೂ ನೀರು ಹೊಯ್ದು ಊದಿದರೆ ಮುಗಿಯಿತು.

ಇದು ಹೊಸದೇನೂ ಅಲ್ಲ. ಜಪಾನಿನ ಮಿಕಿ ಊರಿನ ಹಿಗೊನೊಕಾಮಿ ಚಾಕು ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಇದೇ ಬಾಲದ ತತ್ವದ ಮೇಲೆ ನಿಂತಿದೆ: ಮಡಚಿದ ತಗಡಿನ ಹಿಡಿ, ಒಂದು ಮೊಳೆ, ಒಂದು ಅಲಗು. ಫ್ರಾನ್ಸಿನ ಸವೋಯ್ ಸೀಮೆಯಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ಮಾಡಿದ ಮರದ ಹಿಡಿಯ ಚಾಕುವಿಗೂ ಮೊದಲು ಬೀಗವಿರಲಿಲ್ಲ. ತಿರುಗಿಸುವ ಬೀಗದ ಉಂಗುರ ಅದಕ್ಕೆ ಬಂದದ್ದು 1955ರಲ್ಲಿ. ಅರವತ್ತೈದು ವರ್ಷ ಫ್ರಾನ್ಸಿನ ರೈತರು ಬೀಗವಿಲ್ಲದೆಯೇ ರೊಟ್ಟಿ, ಚೀಸು, ದ್ರಾಕ್ಷಿ ಕೊಯ್ದರು. ಇಂಗ್ಲೆಂಡಿನಲ್ಲಂತೂ ಕಾನೂನೇ ಈ ಜಾತಿಯ ಪರ ಇದೆ: ಬಾಯಿ, ಅಂದರೆ ಕೊಯ್ಯುವ ಅಂಚು, ಮೂರು ಇಂಚು ಮೀರದ, ಬೀಗವಿಲ್ಲದ ಮಡಚು ಚಾಕುವನ್ನು ಕಾರಣ ಹೇಳದೆ ಜೇಬಿನಲ್ಲಿಟ್ಟುಕೊಳ್ಳಬಹುದು.

ಬಾಲ, ಅಂದರೆ ಕೀಲಿನಾಚೆಗೂ ಚಾಚಿದ ಅಲಗಿನದೇ ಭಾಗ, ಕೆಲಸ ಮಾಡುವುದು ಹೀಗೆ. ಚಾಕು ಬಿಚ್ಚಿದಾಗ ಅಲಗು ಮುಂದೆ, ಬಾಲ ಹಿಂದೆ, ಹಿಡಿಯ ಬೆನ್ನಿನ ಮೇಲೆ ಮಲಗಿರುತ್ತದೆ. ಬಾಲದಡಿ ಒಂದು ಅಡ್ಡಮೊಳೆ. ಹಣ್ಣು ಕೊಯ್ಯುವಾಗ ಒತ್ತಡವೆಲ್ಲ ಬಾಯಿಯ ಕಡೆಯಿಂದ ಬರುವುದರಿಂದ ಬಾಲ ಅಡ್ಡಮೊಳೆಯ ಮೇಲೆ ಇನ್ನಷ್ಟು ಕೂರುತ್ತದೆ. ಅಲಗು ಮಡಚಬೇಕಾದರೆ ಬಾಲ ಮೇಲಕ್ಕೇಳಬೇಕು. ಅದರ ಮೇಲೆ ನಿಮ್ಮ ಕೈ ಇದೆ.

ಇದರ ಮಿತಿಯೂ ಇಲ್ಲೇ ಇದೆ. ಚುಚ್ಚುವುದು, ಮೊನೆಯಿಂದ ಡಬ್ಬಿ ಮುಚ್ಚಳ ಎಬ್ಬಿಸುವುದು, ಗಟ್ಟಿ ಕಟ್ಟಿಗೆಯಲ್ಲಿ ಸಿಕ್ಕಿಕೊಂಡ ಅಲಗನ್ನು ಅಲ್ಲಾಡಿಸಿ ಕೀಳುವುದು, ಇವೆಲ್ಲ ಬೆನ್ನಿನ ಕಡೆಯಿಂದ ಒತ್ತಡ ತರುವ ಕೆಲಸ. ಅದಕ್ಕೆ ಈ ಚಾಕು ಬೇಡವೇ ಬೇಡ. ತೆಂಗಿನಕಾಯಿಗೆ ಕುಡಗೋಲಿದೆ, ತರಕಾರಿ ರಾಶಿಗೆ ಈಳಿಗೆಯಿದೆ. ಲಿಂಬೆಹಣ್ಣು, ಪೇರು, ಉಳ್ಳಾಗಡ್ಡಿ, ಸುತಳಿ, ಗೊಬ್ಬರದ ಚೀಲದ ಬಾಯಿ, ಕಬ್ಬಿನ ಸಿಪ್ಪೆ, ಪೆನ್ಸಿಲ್ಲು: ದಿನದಲ್ಲಿ ಹತ್ತು ಸಲ ಬೇಕಾಗುವ ಚಾಕು ಇಷ್ಟಕ್ಕೇ ಬೇಕಾಗುವುದು.

ಮೊದಲು ಕೈ ಅಳೆಯಿರಿ

ಅಂಗಡಿಯ ಚಾಕು ಎಲ್ಲರ ಕೈಗೂ ಅರ್ಧಂಬರ್ಧ ಹೊಂದುತ್ತದೆ. ಫ್ರಿಕ್ಷನ್ ಫೋಲ್ಡರಿಗೆ ಆ ರಿಯಾಯಿತಿ ಇಲ್ಲ. ಬಾಲ ಅಂಗೈಗೆ ಸಿಗದಿದ್ದರೆ ಅದು ಬೀಗವಾಗುವುದಿಲ್ಲ. ಅಳತೆ ಕೊಟ್ಟು ಮಾಡಿಸುವ ಚಾಕುವಿನ ಬೆಲೆ ಇರುವುದು ಇಲ್ಲಿ, ಹೊಳೆಯುವ ಪಾಲಿಶಿನಲ್ಲಲ್ಲ.

ಚಪಾತಿಯ ಕಣಕ ಗಟ್ಟಿಯಾಗಿ ನಾದಿ, ಹೆಬ್ಬೆರಳು ಗಾತ್ರದ ಉರುಳೆ ಮಾಡಿ, ಚಾಕು ಹಿಡಿದಂತೆ ಒಮ್ಮೆ ಬಿಗಿಯಾಗಿ ಹಿಡಿದು ಬಿಡಿ. ನಾಲ್ಕು ಬೆರಳಿನ ಗುಳಿ ಕೆಳಗೆ, ಹೆಬ್ಬೆರಳ ಬುಡದ ಗುಳಿ ಮೇಲೆ ಮೂಡುತ್ತದೆ. ತೋರುಬೆರಳಿನ ಮುಂಚೂಣಿಯಿಂದ ಹೆಬ್ಬೆರಳ ಬುಡದ ಗುಳಿಯ ನಡುವಿನವರೆಗೆ ಅಳೆಯಿರಿ. ಬಾಲ ಅಲ್ಲಿಯವರೆಗೆ ತಲುಪಲೇಬೇಕು. ನನ್ನ ಕೈಗೆ ಕೀಲಿನ ನಡುವಿನಿಂದ 32 ಮಿ.ಮೀ. ಬಂತು. ಮಾವನದು ಗುದ್ದಲಿ ಹಿಡಿದ ಅಗಲ ಕೈ, ಅವರಿಗೆ 38. ಎಡಗೈಯವರು ಬೇರೆ ಲೆಕ್ಕ ಮಾಡಬೇಕಿಲ್ಲ. ಈ ಚಾಕುವಿಗೆ ಎಡ ಬಲ ಎರಡೂ ಒಂದೇ. ಬೀಗದ ಚಾಕುಗಳಲ್ಲಿ ಬಹಳಷ್ಟಕ್ಕೆ ಆ ಗುಣ ಇಲ್ಲ.

ನನ್ನ ಕೈಗೆ ಕುಳಿತ ಅಳತೆ ಹೀಗಿದೆ, ಇದನ್ನು ಬುನಾದಿ ಮಾಡಿಕೊಂಡು ತಿದ್ದಿಕೊಳ್ಳಿ: ಹಿಡಿಯ ಉದ್ದ 105 ಮಿ.ಮೀ., ಎತ್ತರ 22. ಕೀಲು ಹಿಡಿಯ ಮುಂತುದಿಯಿಂದ 8 ಮಿ.ಮೀ. ಒಳಗೆ. ಕೀಲಿನಿಂದ ಮೊನೆಗೆ 85, ಅದರಲ್ಲಿ ಮೊದಲ 15 ಮಿ.ಮೀ. ಚೂಪು ಮಾಡದ ಚಪ್ಪಟೆ, ಉಳಿದ 70 ಬಾಯಿ. ಅಲಗಿನ ಅಗಲ 18, ದಪ್ಪ 2.5. ಹಿಡಿಯ ಹಿಂತುದಿಯಿಂದ 6 ಮಿ.ಮೀ. ಒಳಗೆ ಹಿಂಬದಿಯ ಮೊಳೆ. ಲೆಕ್ಕ ಹಾಕಿದರೆ ಮಡಚಿದ ಮೊನೆಯಿಂದ ಆ ಮೊಳೆಯ ನಡುಬಿಂದುವಿಗೆ 6 ಮಿ.ಮೀ. ಜಾಗ ಉಳಿಯುತ್ತದೆ. ಅದಕ್ಕಿಂತ ಕಡಿಮೆ ಇಟ್ಟುಕೊಳ್ಳಬೇಡಿ.

ರಟ್ಟಿನ ಚಾಕು

ಉಕ್ಕು ಮುಟ್ಟುವ ಮೊದಲು ಮದುವೆ ಕಾರ್ಡಿನ ರಟ್ಟಿನಲ್ಲಿ ಅಲಗು ಮತ್ತು ಹಿಡಿಯ ಎರಡು ಪಕ್ಕೆ ಕತ್ತರಿಸಿ. ಕೀಲಿನ ಜಾಗದಲ್ಲಿ ಟಾಚಣಿ ಚುಚ್ಚಿ, ತಿರುಗಿಸಿ ನೋಡಿ. ಅಡ್ಡಮೊಳೆಯ ಜಾಗ ಸಿಗುವುದು ಇಲ್ಲೇ, ಲೆಕ್ಕದಿಂದಲ್ಲ.

ಒಂದೇ ಅಡ್ಡಮೊಳೆ ಎರಡು ಕೆಲಸ ಮಾಡುತ್ತದೆ. ಬಿಚ್ಚಿದಾಗ ಬಾಲ ಅದರ ಮೇಲೆ ಕೂರಬೇಕು. ಮಡಚಿದಾಗ ಅಲಗಿನ ಬುಡದ ಚಪ್ಪಟೆ ಭಾಗ ಅದೇ ಮೊಳೆಯನ್ನು ಕೆಳಗಿನಿಂದ ಬಂದು ತಾಗಿ ನಿಲ್ಲಬೇಕು. ಬಾಯಿ ಮಾತ್ರ ಯಾವುದಕ್ಕೂ ತಾಗಬಾರದು. ಮೊಳೆಯನ್ನು ಕೀಲಿನಿಂದ ಹಿಂದಕ್ಕೆ ಸುಮಾರು 10 ಮಿ.ಮೀ., ಹಿಡಿಯ ಬೆನ್ನಿನ ಕಡೆಗೆ ಸ್ವಲ್ಪ ಏರಿಸಿ ಗುರುತು ಮಾಡಿ. ಬುಡದ ಚಪ್ಪಟೆ ಭಾಗ 15 ಮಿ.ಮೀ. ಇಟ್ಟದ್ದು ಇದಕ್ಕೇ: ಬಾಯಿ ಶುರುವಾಗುವ ಮೊದಲೇ ಮೊಳೆ ಸಿಗಬೇಕು. ನನ್ನ ಮೊದಲ ಚಾಕುವಿನಲ್ಲಿ ಈ ಚಪ್ಪಟೆಯನ್ನು 9 ಮಿ.ಮೀ. ಮಾಡಿದ್ದೆ. ಮಡಚಿದ ಪ್ರತಿ ಸಲವೂ ಬಾಯಿ ಮೊಳೆಗೆ ಬಡಿದು, ಬುಡದಲ್ಲಿ ಒಂದು ಹಲ್ಲು ಬಿತ್ತು. ಎಷ್ಟು ಸಾಣೆ ಹಿಡಿದರೂ ಮರುದಿನ ಮತ್ತೆ ಅದೇ ಹಲ್ಲು.

ಮಡಚಿದಾಗ ಬಾಲ ಹಿಡಿಯ ಮುಂದೆ 24 ಮಿ.ಮೀ. ಚಾಚಿರುತ್ತದೆ. ಬಿಚ್ಚಲು ಹೆಬ್ಬೆರಳಿಗೆ ಸಿಗುವುದು ಅದು. ಜೇಬಿನ ಅಂಚಿಗೆ ಸಿಕ್ಕಿಕೊಂಡು ಕೆಟ್ಟ ಘಳಿಗೆಯಲ್ಲಿ ಅಲಗು ಬಿಚ್ಚಿಸುವುದೂ ಅದೇ. ಅದಕ್ಕೆ ಔಷಧಿ ಕೊನೆಯಲ್ಲಿ ಹೇಳುತ್ತೇನೆ.

ಯಾವ ಉಕ್ಕು?

ಎಲ್ಲರೂ ಮೊದಲು ಹೇಳುವುದು ಲಾರಿಯ ಕಮಾನ್ ಪಾಟಾ. ಗುಜರಿಯಲ್ಲಿ ಸಿಗುತ್ತದೆ, ಒಳ್ಳೆಯ ಸ್ಪ್ರಿಂಗ್ ಉಕ್ಕು, ನಮ್ಮ ಕಂಬಾರರು ಕುಡಗೋಲು ಕೊಡ್ಲಿಗೆ ಬಳಸುವುದೂ ಅದನ್ನೇ. ಆದರೆ ಪಾಟಾ ದಪ್ಪ ಇರುತ್ತದೆ, ಅದನ್ನು 2.5 ಮಿ.ಮೀ.ಗೆ ಇಳಿಸಲು ಕುಲುಮೆ, ಸುತ್ತಿಗೆ, ಪಳಗಿದ ಕೈ ಬೇಕು. ಇನ್ನೊಂದು ತೊಂದರೆ ಕಣ್ಣಿಗೆ ಕಾಣುವುದಿಲ್ಲ. ವರ್ಷಗಟ್ಟಲೆ ಕಬ್ಬಿನ ಲೋಡು ಹೊತ್ತು ಕುಣಿದ ಪಾಟಾದಲ್ಲಿ ಕೂದಲೆಳೆಯ ಸೀಳು ಇರಬಹುದು. ಹದ ಹಾಕುವವರೆಗೆ, ಅಂದರೆ ಗಟ್ಟಿ ಮಾಡಲು ಕೆಂಪಗೆ ಕಾಯಿಸಿ ಎಣ್ಣೆಗೆ ಮುಳುಗಿಸುವವರೆಗೆ, ಅದು ಬಾಯಿ ಬಿಡುವುದಿಲ್ಲ. ನಾನು ಎರಡು ಭಾನುವಾರ ಅರ ಹಾಕಿದ ಅಲಗು ಎಣ್ಣೆಗೆ ಮುಳುಗಿಸಿದ ಕೂಡಲೇ 'ಟಿಣ್' ಅಂತ ಸದ್ದು ಮಾಡಿ ಎರಡಾಯಿತು. ಪಾಟಾವೇ ಬೇಕೆಂದರೆ ಹೊಸದರ ತುಂಡು ಕೊಳ್ಳಿ, ಊರ ಕಂಬಾರರ ಹತ್ತಿರ ತೆಳ್ಳಗೆ ಬಡಿಸಿಕೊಳ್ಳಿ.

ಮೊದಲ ಚಾಕುವಿಗೆ ನನ್ನ ಮತ ಓಎಚ್‌ಎನ್‌ಎಸ್ ಉಕ್ಕಿಗೆ. ಡೈ ಮಾಡುವವರು ಬಳಸುವ, ಎಣ್ಣೆಯಲ್ಲಿ ಹದವಾಗುವ ಟೂಲ್ ಸ್ಟೀಲ್ ಇದು. ಹದ ಹಾಕಿದಾಗ ಸೊಟ್ಟಗಾಗುವುದು ಕಡಿಮೆ. ಬೆಳಗಾವಿಯಂಥ ಫೌಂಡ್ರಿ ಊರಿನಲ್ಲಿ ಟೂಲ್ ಸ್ಟೀಲ್ ಮಾರುವವರಲ್ಲಿ ಚಪ್ಪಟೆ ಪಟ್ಟಿಯಾಗಿ ಸಿಗುತ್ತದೆ. 3 ಮಿ.ಮೀ. ಪಟ್ಟಿ ಕೇಳಿ. ಇಎನ್ 31 ಬೇರಿಂಗ್ ಉಕ್ಕು ಬಾಯಿಗೆ ಇನ್ನೂ ಚೆನ್ನ, ಹದಕ್ಕೆ ಹಟಮಾರಿ. ಹಳೆಯ ಅರದಿಂದಲೂ ಒಳ್ಳೆಯ ಅಲಗು ಆಗುತ್ತದೆ. ಮೊದಲು ಕೆಂಪಗೆ ಕಾಯಿಸಿ ಬೂದಿಯಲ್ಲಿ ಹೂತು ರಾತ್ರಿಯಿಡೀ ತಣಿಸಿ ಮೆತ್ತಗೆ ಮಾಡಿಕೊಳ್ಳಬೇಕು.

ಈ ಯಾವ ಉಕ್ಕೂ ಸ್ಟೇನ್‌ಲೆಸ್ ಅಲ್ಲ. ಲಿಂಬೆ ಕೊಯ್ದು ಒರೆಸದಿದ್ದರೆ ಕಪ್ಪಾಗುತ್ತವೆ. ಸ್ಟೇನ್‌ಲೆಸ್ ಉಕ್ಕಿನ ಹದಕ್ಕೆ ಸಾವಿರ ಡಿಗ್ರಿ ದಾಟುವ, ಅಳತೆಯಿರುವ ಫರ್ನೇಸ್ ಬೇಕು. ಮನೆಯಂಗಳದ ಇದ್ದಿಲಿನ ಕೆಲಸ ಅದಲ್ಲ.

ಕೊರೆತ ಮೊದಲು, ಆಕಾರ ಆಮೇಲೆ

ರಟ್ಟನ್ನು ಪಟ್ಟಿಗೆ ಅಂಟಿಸಿ ಸೂಜಿಯಿಂದ ಗೀರಿ. ಆಕಾರ ಕತ್ತರಿಸುವ ಆತುರ ಬೇಡ, ಮೊದಲು ಕೀಲಿನ ತೂತು. ಅಲಗು ಮತ್ತು ಎರಡು ಲೈನರ್ ಪಟ್ಟಿಗಳನ್ನು (ಹಿಡಿಯ ಪಕ್ಕೆಗಳ ಒಳಮೈಗೆ ಕೂರುವ 1 ಮಿ.ಮೀ. ಹಿತ್ತಾಳೆ ಅಥವಾ ಸ್ಟೀಲ್) ಒಂದರ ಮೇಲೊಂದಿಟ್ಟು ಕ್ಲಾಂಪ್ ಹಾಕಿ, ಡ್ರಿಲ್ ಪ್ರೆಸ್ಸಿನಲ್ಲಿ ನೆಟ್ಟಗೆ 3.9 ಮಿ.ಮೀ. ಕೊರೆದು, 4 ಮಿ.ಮೀ. ರೀಮರ್ (ತೂತನ್ನು ಸರಿಯಾದ ಅಳತೆಗೆ ತರುವ ಉಪಕರಣ) ಹಾಯಿಸಿ. ತೂತು ಕೂದಲೆಳೆಯಷ್ಟು ವಾಲಿದರೂ ಮಡಚಿದ ಅಲಗು ಒಂದು ಪಕ್ಕೆಗೆ ಉಜ್ಜುತ್ತದೆ, ಎಂದೆಂದಿಗೂ ಉಜ್ಜುತ್ತದೆ. ಕೈ ಡ್ರಿಲ್ ಮಾತ್ರ ಇದ್ದವರು ಈ ಒಂದು ತೂತನ್ನು ಯಾವುದಾದರೂ ವರ್ಕ್‌ಶಾಪಿನಲ್ಲಿ ಮಾಡಿಸಿ. ಚಹಾದ ದುಡ್ಡಿನ ಕೆಲಸ.

ಆಮೇಲೆ ಹ್ಯಾಕ್ಸಾದಿಂದ ಹೊರಗೆರೆ ಕತ್ತರಿಸಿ, ಅರದಿಂದ ಗೆರೆಗೆ ತನ್ನಿ. ಬಾಯಿಯ ಅಂಚಿನ ಉದ್ದಕ್ಕೂ ಮಾರ್ಕರ್ ಹಚ್ಚಿ, ದಪ್ಪದ ನಡುವೆ ಎರಡು ಗೆರೆ ಗೀರಿ, ಒಂದಕ್ಕೊಂದು ಅರ್ಧ ಮಿಲಿಮೀಟರ್ ದೂರ. ಇಳಿಜಾರನ್ನು ಎರಡೂ ಕಡೆಯಿಂದ ಆ ಗೆರೆಗಳವರೆಗೆ ಮಾತ್ರ ತನ್ನಿ. ಹದಕ್ಕೆ ಮೊದಲೇ ಬಾಯಿ ತೆಳುವಾದರೆ ಎಣ್ಣೆಯಲ್ಲಿ ಅಲೆ ಬೀಳುತ್ತದೆ ಇಲ್ಲವೆ ಸೀಳುತ್ತದೆ. ಅರವನ್ನು ಮುಂದಕ್ಕೆ ನೂಕುವಾಗ ಒತ್ತಿ, ಹಿಂದಕ್ಕೆ ತರುವಾಗ ಎತ್ತಿ. ಹಲ್ಲಿಗೆ ಸೀಮೆಸುಣ್ಣ ಉಜ್ಜಿಕೊಂಡರೆ ಉಕ್ಕಿನ ಪುಡಿ ಸಿಕ್ಕಿಕೊಳ್ಳುವುದಿಲ್ಲ. ಗ್ರೈಂಡರ್ ಹಿಡಿಯುವವರು ಕನ್ನಡಕ, ಮಾಸ್ಕ್ ಹಾಕಿಕೊಳ್ಳಲೇಬೇಕು. ಹತ್ತಿಯ ಅಂಗಿ ಇರಲಿ, ಪಾಲಿಯೆಸ್ಟರ್ ಕಿಡಿಗೆ ಕರಗಿ ಮೈಗಂಟುತ್ತದೆ.

ಕಸಿ ಕಟ್ಟುವವರಿಗೆ ಒಂದು ಮಾತು. ವಿಜಯಪುರದ ಕಡೆ ದ್ರಾಕ್ಷಿಯನ್ನು ಡಾಗ್‌ರಿಜ್ ಬೇರುಸಸಿಯ ಮೇಲೆ ಕಸಿ ಮಾಡುತ್ತಾರೆ. ಅದಕ್ಕೆ ಒಂದೇ ಕಡೆ ಇಳಿಜಾರಿನ ಅಲಗು ಬೇಕು, ಇನ್ನೊಂದು ಕಡೆ ಕನ್ನಡಿಯಂತೆ ಚಪ್ಪಟೆ. ಕೊಯ್ದ ಮುಖ ನೆಟ್ಟಗಿದ್ದರೇ ಕುಡಿಯೂ ಕಾಂಡವೂ ಒಂದಕ್ಕೊಂದು ಕೂರುವುದು. ಹಾಗೆ ಮಾಡುವುದಾದರೆ ಇಳಿಜಾರು ಕೈಗೆ ತಕ್ಕಂತೆ ಎಡವೋ ಬಲವೋ ಎಂದು ಕೇಳಿಕೊಳ್ಳಿ. ಎಡ ಬಲ ಒಂದೇ ಎಂದ ನನ್ನ ಮಾತು ಇಲ್ಲಿ ಮಾತ್ರ ಸಲ್ಲದು.

ಹದ

ಇದಕ್ಕೆ ಎರಡು ದಾರಿ. ಹಣ ಕೊಟ್ಟು ಹೀಟ್ ಟ್ರೀಟ್‌ಮೆಂಟ್ ಮಾಡುವವರ ಫರ್ನೇಸಿನಲ್ಲಿ ಹಾಕಿಸುವುದು. ಉಕ್ಕಿನ ಹೆಸರು ಹೇಳಿ, 59ರಿಂದ 60 ಎಚ್‌ಆರ್‌ಸಿ (ಉಕ್ಕಿನ ಗಡಸುತನದ ಅಳತೆ) ಬೇಕು ಎಂದು ಬರೆದುಕೊಡಿ. ಇಲ್ಲವೆ ಅಂಗಳದಲ್ಲಿ ನೀವೇ. ನಾನು ಎರಡನೆಯದನ್ನು ಬಿಟ್ಟಿಲ್ಲ, ಯಾಕೆಂದರೆ ಇಡೀ ಕೆಲಸದಲ್ಲಿ ಮಜಾ ಇರುವುದು ಅದರಲ್ಲೇ.

ಸಂಜೆ ಹೊತ್ತು ಮಾಡಿ. ಬಿಸಿಲಿನಲ್ಲಿ ಉಕ್ಕಿನ ಬಣ್ಣ ಮೋಸ ಮಾಡುತ್ತದೆ. ನಾಲ್ಕು ಇಟ್ಟಿಗೆ, ಕಟ್ಟಿಗೆ ಇದ್ದಿಲು, ಹಳೆಯ ಹೇರ್ ಡ್ರೈಯರ್ ಇದ್ದರೆ ಕುಲುಮೆ ಸಿದ್ಧ. ಗಾಳಿ ಜೋರು ಬೇಡ. ಅಲಗನ್ನು ಇದ್ದಿಲಿನೊಳಗೆ ಹಿಂದೆ ಮುಂದೆ ಆಡಿಸುತ್ತಾ ಸಮನಾಗಿ ಕಾಯಿಸಿ. ಸುಮಾರು 770 ಡಿಗ್ರಿ ಸೆಲ್ಸಿಯಸ್ ಹತ್ತಿರ ಉಕ್ಕು ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಓಎಚ್‌ಎನ್‌ಎಸ್‌ಗೆ ಬೇಕಾದ್ದು ಅದಕ್ಕಿಂತ ಸ್ವಲ್ಪ ಮೇಲೆ, 790ರಿಂದ 815. ಈ ಸ್ವಲ್ಪವನ್ನು ಕಣ್ಣಿನಿಂದ ಹೇಗೆ ಹಿಡಿಯುವುದು? ಅಡುಗೆಮನೆಯ ಉಪ್ಪಿನಿಂದ. ಉಪ್ಪು ಕರಗುವುದು 801 ಡಿಗ್ರಿಗೆ. ಅಯಸ್ಕಾಂತ ಬಿಟ್ಟ ಮೇಲೆ ಅಲಗಿನ ಮೇಲೆ ಚಿಟಿಕೆ ಪುಡಿಯುಪ್ಪು ಉದುರಿಸಿ. ಹರಳು ಹಾಗೇ ಕುಳಿತಿದ್ದರೆ ಇನ್ನೂ ಬೇಕು. ಕರಗಿ ಒದ್ದೆಯಂತೆ ಹೊಳೆದರೆ ಬಂತು. ಆ ಬಣ್ಣವನ್ನು ಕಣ್ಣಲ್ಲಿ ಇಟ್ಟುಕೊಂಡು, ಅದಕ್ಕಿಂತ ಏರದಂತೆ ಐದು ನಿಮಿಷ ಹಿಡಿದಿಡಿ. ಪಾಟಾ ಉಕ್ಕಾದರೆ ಉಪ್ಪು ಕರಗಿದ ಮೇಲೂ ಒಂದು ಛಾಯೆ ಹೆಚ್ಚು ಬೇಕು.

ಎಣ್ಣೆ ನಮ್ಮ ಕಡೆ ಕೊರತೆಯಿಲ್ಲ. ಶೇಂಗಾ ಎಣ್ಣೆಯೇ ಒಳ್ಳೆಯದು. ಎರಡು ಮೂರು ಲೀಟರ್, ಮುಚ್ಚಳವಿರುವ ಉದ್ದನೆಯ ಕಬ್ಬಿಣದ ಡಬ್ಬಿಯಲ್ಲಿ, 50ರಿಂದ 60 ಡಿಗ್ರಿಗೆ ಬೆಚ್ಚಗೆ ಮಾಡಿ. ತಣ್ಣನೆಯ ಎಣ್ಣೆ ಮಂದವಾಗಿರುವುದರಿಂದ ಶಾಖವನ್ನು ನಿಧಾನಕ್ಕೆ ಎಳೆಯುತ್ತದೆ. ಅಲಗನ್ನು ಮೊನೆ ಕೆಳಗಾಗಿ ನೆಟ್ಟಗೆ ಇಳಿಸಿ, ಕೊಯ್ಯುವ ದಿಕ್ಕಿನಲ್ಲಿ ಮುಂದೆ ಹಿಂದೆ ಆಡಿಸಿ. ಪಕ್ಕಕ್ಕೆ ಆಡಿಸಿದರೆ ಬಾಗುತ್ತದೆ. ಬೆಂಕಿ ಹೊತ್ತಿಕೊಂಡರೆ ಮುಚ್ಚಳ ಹಾಕಿ. ನೀರು ಮಾತ್ರ ಆ ಅಂಗಳದಲ್ಲಿ ಕೈಗೆಟುಕುವಲ್ಲಿ ಇರಲೇಬಾರದು. ಉರಿಯುವ ಎಣ್ಣೆಗೆ ನೀರು ಬಿದ್ದರೆ ಆಗುವುದನ್ನು ಬಜ್ಜಿ ಕರಿದ ಯಾರೂ ನಿಮಗೆ ಹೇಳುತ್ತಾರೆ. ಮಕ್ಕಳನ್ನು ಒಳಗೆ ಕಳಿಸಿ.

ಕೈಗೆ ತಾಳುವಷ್ಟು ತಣಿದ ಮೇಲೆ ಮೇಲಿನ ಕಪ್ಪು ಸಿಪ್ಪೆ ಉಜ್ಜಿ ತೆಗೆದು ಬಾಯಿಗೆ ಅರ ಎಳೆಯಿರಿ. ಗಾಜಿನ ಮೇಲೆ ಎಳೆದಂತೆ ಜಾರಿದರೆ ಹದ ಹಿಡಿದಿದೆ. ಕಚ್ಚಿದರೆ ಮತ್ತೆ ಕುಲುಮೆಗೆ. ಈಗ ಅಲಗು ಬಿಸ್ಕತ್ತಿನಷ್ಟು ಪೆಡಸು, ಕೆಳಗೆ ಬಿದ್ದರೆ ಒಡೆಯಬಹುದು. ತಡಮಾಡದೆ ತೊಳೆದು, ಎಣ್ಣೆ ಪೂರ್ತಿ ಒರೆಸಿ, ಮನೆಯ ಓವನ್ನಿನಲ್ಲಿ 200 ಡಿಗ್ರಿಗೆ ಎರಡು ಗಂಟೆ, ತಣಿಸಿ ಮತ್ತೆ ಎರಡು ಗಂಟೆ. ಚಿಕ್ಕ ಓವನ್‌ಗಳ ಥರ್ಮೋಸ್ಟಾಟ್ ನಂಬುವಂಥದ್ದಲ್ಲ. ಮರಳು ತುಂಬಿದ ತಟ್ಟೆಯಲ್ಲಿ ಅಲಗು ಹೂತಿಟ್ಟರೆ ಏರಿಳಿತ ತಟ್ಟುವುದಿಲ್ಲ. ಉಜ್ಜಿದ ಜಾಗದಲ್ಲಿ ಒಣಗಿದ ಜೋಳದ ಸೊಪ್ಪೆಯ ತಿಳಿಹಳದಿ ಬಣ್ಣ ಬಂದಿರಬೇಕು. ನೇರಳೆ, ನೀಲಿ ಬಂದಿದ್ದರೆ ಹದ ಇಳಿದು ಹೋಗಿದೆ, ಬಾಯಿ ನಿಲ್ಲುವುದಿಲ್ಲ.

ಹಿಡಿಗೆ ಕಟ್ಟಿಗೆ

ಜಾಲಿ. ಬಂಡಿಯ ಕೀಲಿಗೂ ಕುಂಟೆ ಕೂರಿಗೆಗೂ ನಮ್ಮ ಬಡಿಗೇರರು ಆರಿಸಿದ ಕಟ್ಟಿಗೆ ಇದು. ಗಟ್ಟಿ, ಬಿಗಿಯೆಳೆ, ಎಣ್ಣೆ ಹಚ್ಚಿದರೆ ಬೆಲ್ಲದ ಬಣ್ಣ. ಹುಣಸೆಯ ತಿರುಳೂ ಚೆನ್ನ. ಸಾಗವಾನಿ ಸುಲಭಕ್ಕೆ ಕೊರೆಯುತ್ತದೆ, ಸ್ವಲ್ಪ ಮೆತ್ತಗೆ. ಬೀಟೆ ಬೇಕೆಂದರೆ ಮುರಿದ ಹಳೆಯ ಕುರ್ಚಿಯ ಕಾಲು ಹುಡುಕಿ; ಕಾಡಿನಿಂದ ತರುವ ಮಾತೇ ಬೇಡ. ಜಿಂಕೆಯ ಕೊಂಬಿನ ಹಿಡಿ ಚೆಂದ ಕಾಣುತ್ತದೆ, ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಎಮ್ಮೆಯ ಕೊಂಬು ಸಾಕು.

ಈಗ ನನ್ನ ಮಾವನ ಚಾಕುವಿನ ಕಥೆಗೆ ಬರಬೇಕು. ಅದರ ಹಿಡಿ ಮಾಡಿದ್ದು ಜುಲೈನಲ್ಲಿ, ಬೆಳಗಾವಿಯಲ್ಲಿ, ಗೋಡೆ ಬೆವರುವ ಮಳೆಯಲ್ಲಿ. ಕೀಲುಮೊಳೆಯನ್ನು ಕಟ್ಟಿಗೆಯ ಎರಡೂ ಹೊರಮೈಗೆ ಬಡಿದು ಬಿಗಿಸಿದ್ದೆ. ಏಪ್ರಿಲ್ಲಿನಲ್ಲಿ ವಿಜಯಪುರದ ಬಿಸಿಲಿನಿಂದ ಫೋನ್ ಬಂತು: "ನಿನ್ನ ಚಾಕು ತಲಿ ಅಲ್ಲಾಡಸಾಕತ್ತೈತಿ." ಒದ್ದೆ ಹವೆಯಲ್ಲಿ ಉಬ್ಬಿದ್ದ ಕಟ್ಟಿಗೆ ಒಣಹವೆಯಲ್ಲಿ ಕುಗ್ಗಿತ್ತು. ಮೊಳೆಯ ಉದ್ದ ಅಷ್ಟೇ, ನಡುವಿನ ಕಟ್ಟಿಗೆ ಕಡಿಮೆ. ತಿಕ್ಕಾಟ ಎಲ್ಲಿಂದ ಬರಬೇಕು?

ಅದಕ್ಕೇ ಹಳೆಯ ಮಡಚು ಚಾಕುಗಳ ಹಿಡಿಯ ಮುಂಭಾಗದಲ್ಲಿ ಲೋಹದ ತುಂಡು ಇರುತ್ತದೆ, ಬೋಲ್ಸ್ಟರ್ ಅಂತ. ಅದು ಬರೀ ಚೆಂದಕ್ಕಲ್ಲ. ಕೀಲು ಲೋಹದಿಂದ ಲೋಹಕ್ಕೆ ಬಿಗಿಯುತ್ತದೆ, ಕಟ್ಟಿಗೆ ಹಿಂದೆ ತನ್ನ ಪಾಡಿಗೆ ಹಿಗ್ಗಲಿ ಕುಗ್ಗಲಿ. ಮುಂದಿನ 20 ಮಿ.ಮೀ. ಹಿತ್ತಾಳೆ ಇಡಿ, ಕಟ್ಟಿಗೆ ಅದರ ಹಿಂದಿನಿಂದ ಶುರುವಾಗಲಿ. ಕೆಲಸ ಒಂದು ದಿನ ಹೆಚ್ಚು, ಆದರೆ ಎಲ್ಲ ಜಿಲ್ಲೆಗೂ ನಡೆಯುವ ಚಾಕು ಆಗುತ್ತದೆ. ಕಟ್ಟಿಗೆಯನ್ನು ಹೇಗೂ ಒಂದು ಬೇಸಿಗೆ ಮನೆಯೊಳಗೆ ಒಣಗಿಸಿಯೇ ಕೊಯ್ಯಿರಿ.

ಹಿಡಿಗೆ ಹಚ್ಚಲು ಅಗಸಿ ಎಣ್ಣೆ. ತೆಳ್ಳಗೆ ಹಚ್ಚಿ, ಅರ್ಧ ಗಂಟೆ ಬಿಟ್ಟು ಒರೆಸಿ, ಮೂರು ದಿನ ಒಣಗಲು ಬಿಟ್ಟು ಮತ್ತೊಂದು ಸಲ. ಗಾಳಿಗೆ ಗಟ್ಟಿಯಾಗುವ ಎಣ್ಣೆ ಅದು. ಅದೇ ಕಾರಣಕ್ಕೆ ಕೀಲಿಗೆ ಅದನ್ನು ಬಿಡಬಾರದು, ಅಂಟಾಗಿ ಕೂತು ಚಾಕು ಬಿಚ್ಚಿಕೊಳ್ಳುವುದಿಲ್ಲ. ಅಗಸಿ ಎಣ್ಣೆ ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು. ಹರಡಿ ಒಣಗಿಸಿ, ಇಲ್ಲವೆ ನೀರಲ್ಲಿ ನೆನೆಸಿ.

ಕೀಲು ಬಿಗಿಸುವುದು

ಚಾಕು ಒಳ್ಳೆಯದೋ ಕೆಟ್ಟದ್ದೋ ತೀರ್ಮಾನವಾಗುವುದು ಈ ಅರ್ಧ ಗಂಟೆಯಲ್ಲಿ.

ಅಲಗಿನ ಎರಡೂ ಪಕ್ಕಕ್ಕೆ ತೆಳುವಾದ ಬಿಲ್ಲೆ ಬೇಕು, 0.2 ಮಿ.ಮೀ. ಫಾಸ್ಫರ್ ಬ್ರಾಂಜ್ ಅಥವಾ ಹಿತ್ತಾಳೆ ತಗಡು. ಅಂದರೆ ಅಲಗು 2.5, ಎರಡು ಬಿಲ್ಲೆ 0.4, ಒಟ್ಟು 2.9. ಹಿಡಿಯ ಹಿಂತುದಿಯಲ್ಲಿ ಎರಡು ಲೈನರುಗಳ ನಡುವೆ ಇಡುವ ತುಂಡೂ ಸರಿಯಾಗಿ ಅಷ್ಟೇ ದಪ್ಪ ಇರಬೇಕು. ಇಲ್ಲದಿದ್ದರೆ ಹಿಡಿ ಇಕ್ಕಳದ ಹಾಗೆ ಒಂದು ಕಡೆ ಕಚ್ಚುತ್ತದೆ. ಅಳತೆಯ ತಲೆನೋವೇ ಬೇಡ ಎಂದರೆ, ಅಲಗಿನ ಪಟ್ಟಿಯದೇ ಒಂದು ಚೂರು ಎತ್ತಿಟ್ಟುಕೊಂಡಿರಿ. ಅಲಗು ಉಜ್ಜಿದಷ್ಟೇ ಅದನ್ನೂ ಉಜ್ಜಿ, ಅದರ ಎರಡೂ ಪಕ್ಕಕ್ಕೆ ಅದೇ ತಗಡಿನ ಚೂರು ಇಡಿ. ಲೆಕ್ಕ ತಾನಾಗಿ ಸರಿಹೋಗುತ್ತದೆ.

ಮೊದಲ ಚಾಕುವಿಗೆ ಕೀಲಾಗಿ 4 ಮಿ.ಮೀ. ಸ್ಕ್ರೂ ಮತ್ತು ಲಾಕ್ ನಟ್ ಹಾಕಿ ಎಂಬುದು ನನ್ನ ಸಲಹೆ. ನೋಡಲು ಸೈಕಲ್ ಬಿಡಿಭಾಗದಂತಿದ್ದರೂ ಸಡಿಲವಾದಾಗ ಕಾಲು ಸುತ್ತು ತಿರುಗಿಸಿದರೆ ಆಯಿತು. ಎರಡನೆಯ ಚಾಕುವಿಗೆ ಮೊಳೆ ಬಡಿಯಿರಿ. ಸ್ಟೀಲ್ ಸರಳು ಎರಡೂ ಕಡೆ ಒಂದು ಮಿಲಿಮೀಟರಿನಷ್ಟು ಮಾತ್ರ ಹೊರಗಿರಲಿ, ಬೋಲ್ಸ್ಟರಿನ ತೂತಿನ ಬಾಯಿ ಸ್ವಲ್ಪ ಅಗಲ ಮಾಡಿರಿ. ಚಿಕ್ಕ ಗುಂಡುತಲೆ ಸುತ್ತಿಗೆಯಿಂದ ಮೊಳೆಯ ಅಂಚಿನ ಸುತ್ತ ಹಗುರಕ್ಕೆ, ಅಕ್ಕಸಾಲಿಯ ಹಾಗೆ. ಹತ್ತು ಏಟಿಗೊಮ್ಮೆ ಮಗುಚಿ, ಬಿಚ್ಚಿ ಮಡಚಿ ನೋಡಿ. ಬಿಗಿ ಏಕಾಏಕಿ ಬರುತ್ತದೆ: ಇಪ್ಪತ್ತೊಂಬತ್ತನೆಯ ಏಟಿನವರೆಗೆ ಸಡಿಲ, ಮೂವತ್ತಕ್ಕೆ ಕಲ್ಲು. ಬಿಗಿ ಹೆಚ್ಚಾದರೆ ಗಾಬರಿ ಬೇಡ, ಹನಿ ಮಷೀನ್ ಎಣ್ಣೆ ಬಿಟ್ಟು ಟಿವಿ ನೋಡುತ್ತಾ ನೂರು ಸಲ ಬಿಚ್ಚಿ ಮಡಚಿ. ಬಾಯಿ ಚೂಪು ಮಾಡುವ ಮೊದಲೇ ಇದನ್ನೆಲ್ಲ ಮುಗಿಸಿಕೊಳ್ಳಬೇಕು ಎಂದು ಬೇರೆ ಹೇಳಬೇಕಿಲ್ಲ ತಾನೆ?

ಎಷ್ಟು ಬಿಗಿ ಸರಿ? ನನ್ನ ತಕ್ಕಡಿ ವಿಜಯಪುರ ಜಿಲ್ಲೆಯ ಇಂಡಿ ಊರಿನ ಲಿಂಬೆಹಣ್ಣು. ಹಿಡಿಯನ್ನು ಬೆನ್ನು ಮೇಲಾಗಿ ಅಡ್ಡಕ್ಕೆ ವೈಸಿನಲ್ಲಿ ಹಿಡಿಸಿ, ಬಾಲ ಮುಟ್ಟದೆ, ತೆರೆದ ಅಲಗಿನ ಮೊನೆಯ ಹತ್ತಿರ ದಾರಕ್ಕೆ ಲಿಂಬೆ ತೂಗುಬಿಡಿ. ಎರಡು ಹಣ್ಣಿಗೆ ಅಲಗು ನಿಲ್ಲಬೇಕು, ನಾಲ್ಕಕ್ಕೆ ಇಳಿಯಬೇಕು. ಎರಡಕ್ಕೇ ಇಳಿದರೆ ಜೇಬಿನಲ್ಲಿ ತಾನೇ ಬಿಚ್ಚಿಕೊಳ್ಳುತ್ತದೆ. ನಾಲ್ಕಕ್ಕೂ ಜಗ್ಗದಿದ್ದರೆ ಬಿಚ್ಚಲು ಎರಡು ಕೈ ಬಲ ಹಾಕಬೇಕಾಗುತ್ತದೆ, ಜಾರಿ ಬೆರಳು ಕೊಯ್ದುಕೊಳ್ಳುವುದು ಆಗಲೇ.

ಬಾಯಿ ಕೊಡುವುದು

400ರ ಒರಟು ಸಾಣೆಕಲ್ಲು, ಆಮೇಲೆ 1000ದ ನುಣುಪು ಕಲ್ಲು. ಕಲ್ಲು ಒದ್ದೆಯಿರಲಿ. ಅಲಗು 18 ಮಿ.ಮೀ. ಅಗಲ ಇರುವುದರಿಂದ ಬೆನ್ನನ್ನು ಕಲ್ಲಿನಿಂದ ಐದೂವರೆ ಮಿಲಿಮೀಟರ್ ಎತ್ತಿದರೆ 18 ಡಿಗ್ರಿ ಸಿಗುತ್ತದೆ. ಮೂರು ನಾಣ್ಯ ಒಂದರ ಮೇಲೊಂದಿಟ್ಟು ಅಂದಾಜು ಮಾಡಿಕೊಳ್ಳಿ. ಒಂದೇ ಪಕ್ಕವನ್ನು ಮಸೆಯುತ್ತಾ ಹೋಗಿ, ಇನ್ನೊಂದು ಪಕ್ಕದಲ್ಲಿ ಉಗುರಿಗೆ ತಡೆಯುವ ಸಣ್ಣ ಗರಿ ಬುಡದಿಂದ ಮೊನೆಯವರೆಗೆ ಏಳುವ ತನಕ. ಆಗ ಮಗುಚಿ. ಗರಿ ಏಳುವ ಮೊದಲೇ ಕಲ್ಲು ಬದಲಿಸುವವರೇ "ನಂದು ಹರಿತ ಆಗೂದಿಲ್ಲ" ಎನ್ನುವವರು.

ಕೊನೆಯ ಗರಿ ತೆಗೆಯಲು ಚರ್ಮ. ಅಥಣಿಯ ಕಡೆ ಕೊಲ್ಹಾಪುರಿ ಚಪ್ಪಲಿ ಮಾಡುವವರಲ್ಲಿ ಅಂಗೈ ಅಗಲದ ಚೂರು ಕೇಳಿ. ಜಾಲಿ ತೊಗಟೆ, ಅಳಲೆಕಾಯಿಯಿಂದ ಹದ ಮಾಡಿದ ಆ ಚರ್ಮ ಇದಕ್ಕೆ ಹೇಳಿ ಮಾಡಿಸಿದ್ದು. ಹಲಗೆಗೆ ಅಂಟಿಸಿ, ಅಲಗನ್ನು ಬೆನ್ನು ಮುಂದಾಗಿ ಇಪ್ಪತ್ತು ಸಲ ಎಳೆಯಿರಿ. ಅದೇ ಚರ್ಮದ ಇನ್ನೊಂದು ಚೂರಿನಲ್ಲಿ ಬಾಲವೂ ಒಳಗೆ ಹೋಗುವಂಥ ಚೀಲ ಹೊಲಿಸಿಕೊಳ್ಳಿ. ಆಗಲೇ ಹೇಳಿದ ಜೇಬಿನ ತೊಂದರೆಗೆ ಔಷಧಿ ಇದು.

ಜೇಬಿನಲ್ಲಿ, ಜಾತ್ರೆಯಲ್ಲಿ, ಜಗಲಿಯಲ್ಲಿ

ಶಸ್ತ್ರಾಸ್ತ್ರ ಕಾಯ್ದೆ 1959ರದು, ಅದರ ಈಗಿನ ನಿಯಮಗಳು 2016ರವು. ಮನೆ, ಕೃಷಿ, ಕೈಗಾರಿಕೆ, ವೈಜ್ಞಾನಿಕ ಕೆಲಸಕ್ಕಲ್ಲದ, 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳು ಆ ನಿಯಮಗಳ ಶಸ್ತ್ರದ ಪಟ್ಟಿಗೆ ಸೇರುತ್ತವೆ. ನಮ್ಮದು ಅದರ ಹತ್ತಿರಕ್ಕೂ ಬರುವುದಿಲ್ಲ. ಹಾಗೆಂದು ಜಾತ್ರೆ, ಚುನಾವಣೆ ಸಭೆ, ಕೋರ್ಟಿನ ಅಂಗಳಕ್ಕೆ ಒಯ್ಯುವುದು ಜಾಣತನವಲ್ಲ. ಸಾಂಬ್ರಾ ವಿಮಾನ ನಿಲ್ದಾಣಕ್ಕೆ ಹೊರಟರೆ ಕೈಚೀಲದಲ್ಲಿ ಇಡಬೇಡಿ, ಲಗೇಜಿಗೆ ಹಾಕಿ.

ಬಿಚ್ಚುವಾಗ ಬಾಲವನ್ನು ಹೆಬ್ಬೆರಳಿಂದ ಒತ್ತಿ, ಅಲಗು ಪೂರ್ತಿ ಮುಂದೆ ಬಂದು 'ಟಕ್' ಎಂದು ಕೂತ ಮೇಲೆಯೇ ಕೆಲಸಕ್ಕೆ ಹಚ್ಚಿ. ಮಡಚುವಾಗ ಬೆರಳುಗಳು ಹಿಡಿಯ ಹೊಟ್ಟೆಯ ಸೀಳಿನಿಂದ ದೂರ ಇರಲಿ, ಅಂಗೈಯಿಂದ ಬೆನ್ನು ಒತ್ತಿ. ಲಿಂಬೆ, ಹುಣಸೆ, ಉಳ್ಳಾಗಡ್ಡಿ ಕೊಯ್ದ ಮೇಲೆ ಧೋತರದ ಚುಂಗಿಗಾದರೂ ಒಮ್ಮೆ ಒರೆಸಿ. ದಿನ ಕಳೆದಂತೆ ಅಲಗಿಗೆ ಬೂದು ಬಣ್ಣ ಬರುತ್ತದೆ, ಅದು ಇರಲಿ. ಕೆಂಪು ಬಂದರೆ ಮಾತ್ರ ತುಕ್ಕು. ಕೀಲಿಗೆ ತಿಂಗಳಿಗೊಂದು ಹನಿ ಹೊಲಿಗೆ ಯಂತ್ರದ ಎಣ್ಣೆ.

ಖಂಡೇನವಮಿಗೆ ನಾನು ಎಲ್ಲ ಚಾಕುಗಳನ್ನೂ ಜಗಲಿಯ ಮೇಲೆ ಸಾಲಾಗಿಟ್ಟು ಪೂಜೆ ಮಾಡುತ್ತೇನೆ. ಹೋದ ವರ್ಷ ಹಸಿ ಕುಂಕುಮ ಹಚ್ಚಿ ಹಾಗೇ ಬಿಟ್ಟು, ಮರುದಿನ ಬನ್ನಿ ಹಂಚಲು ಊರೆಲ್ಲ ಸುತ್ತಿ ಬಂದು ನೋಡಿದರೆ ಪ್ರತಿ ಅಲಗಿನ ಮೇಲೂ ನಾಣ್ಯದಗಲ ತುಕ್ಕಿನ ಬೊಟ್ಟು. ಉಜ್ಜಿ ತೆಗೆಯಲು ಎರಡು ಭಾನುವಾರ ಹಿಡಿಯಿತು. ಈಗ ಕುಂಕುಮ ಹಿಡಿಗೆ ಹಚ್ಚುತ್ತೇನೆ, ಅಲಗಿಗೆ ಎಣ್ಣೆ.